ಪುಟ್ಟಿಯ ಅಡಿಯಲ್ಲಿ ತಗಡು ಉಂಟೇ?

ಹದಿನೈದು ವರ್ಷ ತುಂಬಿದ ಸ್ವಂತ ಕಾರನ್ನು ಆರ್‌ಟಿಒಗೆ ಒಯ್ದು ಎಫ್‌ಸಿ ಮಾಡಿಸಿದರೆ ನೋಂದಣಿ ಇನ್ನೈದು ವರ್ಷಕ್ಕೆ ನವೀಕರಣವಾಗುತ್ತದೆ. ಕರಾವಳಿಯ ಟಿಂಕರಿಂಗ್ ಶೆಡ್ಡುಗಳಿಗೆ ಹಳೆಯ ಗಾಡಿಗಳು ಬರುವುದು ಹೆಚ್ಚಾಗಿ ಈ ತಾರೀಕು ಹತ್ತಿರವಾದಾಗ, ಇಲ್ಲವೇ ಗಾಡಿ ಕೊಳ್ಳಲು ಗಿರಾಕಿ ಸಿಕ್ಕಾಗ. ಮಾರುತಿ 800, ಓಮ್ನಿ, ಅಪರೂಪಕ್ಕೊಂದು ಪ್ರೀಮಿಯರ್ ಪದ್ಮಿನಿ. ಬಾಗಿಲಿನ ಅಡಿ ಅಂಚಿನಲ್ಲಿ ಗುಳ್ಳೆ ಎದ್ದಿರುತ್ತದೆ, ಹಿಂದಿನ ಚಕ್ರದ ಮೇಲಿನ ತಗಡು ತಿಂದುಹೋಗಿರುತ್ತದೆ. ವಾರ ಕಳೆದು ನೋಡಿದರೆ ಎಲ್ಲ ನಯ, ಎಲ್ಲ ಹೊಳಪು. ಒಂದೋ ಎರಡೋ ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ಗುಳ್ಳೆ. ಆಗ ನಾವು ಬಯ್ಯುವುದು ಪೇಂಟರನ್ನು: ಕಳಪೆ ಬಣ್ಣ ಹೊಡೆದಿದ್ದಾನೆ, ಥಿನ್ನರ್ ಜಾಸ್ತಿ ಸುರಿದಿದ್ದಾನೆ. ನನಗೆ ಬಣ್ಣದ ಕೆಲಸದ ಬಗ್ಗೆ ಅಷ್ಟೇನೂ ತಕರಾರಿಲ್ಲ. ಶೆಡ್ಡಿನಲ್ಲಿ ದುಡಿಮೆಯೆಲ್ಲ ನಡೆಯುವುದು ಹೊರಮೈಗೆ, ತುಕ್ಕು ಹೊರಟಿರುವುದು ಒಳಮೈಯಿಂದ. ಈ ಕಸುಬಿನ ದೊಡ್ಡ ದೋಷ ಇದೇ.

ಬಾಗಿಲನ್ನೇ ನೋಡಿ. ಗಾಜಿನ ಬದಿಯ ರಬ್ಬರ್ ಹಳತಾದ ಮೇಲೆ ಮಳೆನೀರು ಬಾಗಿಲಿನ ಹೊಟ್ಟೆಯೊಳಗೆ ಇಳಿಯುತ್ತದೆ. ಅದು ಹರಿದುಹೋಗಲೆಂದು ಕೆಳ ಅಂಚಿನಲ್ಲಿ ಸಣ್ಣ ತೂತುಗಳನ್ನು ಕಂಪನಿಯವರೇ ಬಿಟ್ಟಿರುತ್ತಾರೆ. ಧೂಳು, ತರಗೆಲೆ, ಕೆಸರು ಸೇರಿ ಆ ತೂತು ಮುಚ್ಚಿದರೆ ನೀರು ಅಲ್ಲೇ ನಿಲ್ಲುತ್ತದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಬಣ್ಣವನ್ನು ಒಳಗಿನಿಂದ ಎತ್ತುವುದು ಅದೇ. ಹಾಗಾಗಿ ಈ ಅಂಚುಗಳಲ್ಲಿ ಗುಳ್ಳೆ ಕಂಡಿತು ಎಂದರೆ ತುಕ್ಕು ಈಗ ಶುರುವಾಯಿತು ಎಂದುಕೊಳ್ಳಬಾರದು. ಒಂದು ಮಿಲಿಮೀಟರೂ ದಪ್ಪವಿಲ್ಲದ ತಗಡನ್ನು ಒಳಗಿನಿಂದ ತಿಂದು ಮುಗಿಸಿ ಅದು ಈಚೆ ಬಂದಿದೆ. ಅಂಥ ಜಾಗವನ್ನು ಹೊರಗಿನಿಂದ ಎಷ್ಟೇ ಎಮರಿ ಪೇಪರ್ ಹಾಕಿ ಉಜ್ಜಿ ಬೆಳ್ಳಗೆ ಮಾಡಿದರೂ ಅರ್ಧ ಕೆಲಸವೂ ಆಗಿರುವುದಿಲ್ಲ.

ಕರಾವಳಿಯಲ್ಲಿ ಇದಕ್ಕೆ ಉಪ್ಪಿನ ನೆರವೂ ಸಿಗುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಉಳಿದ ದಿನ ಉಪ್ಪುಗಾಳಿ. ಇದರ ಮೇಲೆ ಹೆದ್ದಾರಿಯುದ್ದಕ್ಕೂ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ಮಂಜುಗಡ್ಡೆ ನೀರು. ಹಿಂದೆ ಬರುವ ಕಾರಿನ ತಳಕ್ಕೆ ಅದು ನೇರ ಅಭಿಷೇಕ. ತುಕ್ಕಿನ ಗುಳಿಯೊಳಗೆ ಸೇರಿದ ಉಪ್ಪು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ಮಳೆ ನಿಂತರೂ ತುಕ್ಕು ನಿಲ್ಲುವುದಿಲ್ಲ. ಘಟ್ಟದ ಮೇಲಿನವರು ಕರಾವಳಿಯ ಕೆಎ 19, ಕೆಎ 20 ನೋಂದಣಿಯ ಗಾಡಿ ಎಂದರೆ ಮೊದಲು ಮ್ಯಾಟ್ ಎತ್ತಿ ನೋಡುವುದು ಸುಮ್ಮನೆ ಅಲ್ಲ.

ಇನ್ನು ಪುಟ್ಟಿ. ಎರಡು ಬೆರಳಗಲದ ತೂತಿದ್ದರೆ ಹಿಂದುಗಡೆ ತಂತಿ ಜಾಲರಿಯ ಒಂದು ತುಂಡು ಸಿಕ್ಕಿಸುತ್ತಾರೆ. ಕೆಲವು ಕಡೆ ಮಡಚಿದ ಪೇಪರನ್ನೇ ತುರುಕುವುದೂ ಉಂಟು. ಪುಟ್ಟಿಗೆ ಚೂರೇ ಚೂರು ಹಾರ್ಡನರ್ ಕಲಸಿ, ಗಟ್ಟಿಯಾಗುವ ಮೊದಲೇ ಪಟಪಟನೆ ಪಟ್ಟಿ ಎಳೆಯಬೇಕು. ಹತ್ತು ಹದಿನೈದು ನಿಮಿಷದಲ್ಲಿ ಅದು ಕಲ್ಲಾಗಿಬಿಡುತ್ತದೆ. ಆಮೇಲೆ ಉಜ್ಜುವ ಕೆಲಸ. ಒಳ್ಳೆಯ ಮೇಸ್ತ್ರಿ ಇಲ್ಲಿ ಕಣ್ಣನ್ನು ನಂಬುವುದಿಲ್ಲ. ಅಂಗೈಯನ್ನು ಚಪ್ಪಟೆಯಾಗಿಟ್ಟು ಬಾಗಿಲಿನ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಸವರುತ್ತಾರೆ, ಒಂದು ಕಡೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾರೆ, ಮತ್ತೆ ಅಲ್ಲೇ ಉಜ್ಜುತ್ತಾರೆ. ಕಾರ್ಖಾನೆಯ ಅಚ್ಚಿನಲ್ಲಿ ಬಂದಿದ್ದ ಗೆರೆ ಕೈಯ ಅಂದಾಜಿನಲ್ಲೇ ಮರಳಿ ಬರುತ್ತದೆ. ಆ ಕೈಚಳಕವನ್ನು ಮೆಚ್ಚದೆ ಇರಲು ನನ್ನಿಂದ ಆಗಿಲ್ಲ. ಅಷ್ಟು ಕಲೆಗಾರಿಕೆ ಒಂದು ತೂತಿನ ಮೇಲೆ ಖರ್ಚಾಗುತ್ತದಲ್ಲ ಎಂಬುದೇ ಸಂಕಟ.

ಪುಟ್ಟಿ ಕೆಟ್ಟ ವಸ್ತುವಲ್ಲ. ಗಟ್ಟಿ ತಗಡಿನ ಮೇಲಿನ ಸಣ್ಣ ತಗ್ಗು ತುಂಬಲು ಅದನ್ನು ಮೀರಿದ್ದಿಲ್ಲ. ಆದರೆ ಅದು ಪಾಲಿಯೆಸ್ಟರ್ ರಾಳಕ್ಕೆ ಟಾಲ್ಕ್ ಪುಡಿ ಸೇರಿಸಿ ಮಾಡಿದ್ದು, ನೀರು ಹೀರುವ ಗುಣದ್ದು. ನಮ್ಮಲ್ಲಿ ವಾಟರ್ ಪೇಪರಿನ ಅಭ್ಯಾಸ ಎಷ್ಟು ಬೇರೂರಿದೆ ಎಂದರೆ ಪುಟ್ಟಿಯನ್ನೂ ಬಕೆಟಿನಲ್ಲಿ ನೀರಿಟ್ಟುಕೊಂಡೇ ಉಜ್ಜುತ್ತಾರೆ, ಸಂಜೆಗೆ ಪ್ರೈಮರ್ ಹೊಡೆದು ಮುಗಿಸುತ್ತಾರೆ. ಅಲ್ಲಿಗೆ ತೇವವನ್ನು ತಗಡಿಗೂ ಬಣ್ಣಕ್ಕೂ ನಡುವೆ ಭದ್ರವಾಗಿ ಕೂಡಿಹಾಕಿದಂತಾಯಿತು. ಪುಟ್ಟಿಯನ್ನು ಒಣಗಿದ್ದಾಗಲೇ ಉಜ್ಜಿದರೆ ಧೂಳು ಏಳುತ್ತದೆ, ಮಾಸ್ಕ್ ಬೇಕು, ಕಾಗದವೂ ಬೇಗ ಸವೆಯುತ್ತದೆ. ಆದರೂ ಸರಿಯಾದ ದಾರಿ ಅದೇ.

ಕೆಂಪು ಪ್ರೈಮರ್ ಬಳಿದರೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆಯೂ ಇದೆ. ಹಿಂದಿನ ಕಾಲದ ರೆಡ್ ಲೆಡ್ ನಿಜಕ್ಕೂ ತುಕ್ಕನ್ನು ತಡೆಯುತ್ತಿತ್ತು. ಸೀಸದ ವಿಷದಿಂದಾಗಿ ಅದು ಹಿಂದೆ ಸರಿಯಿತು. ಈಗಿನ ರೆಡ್ ಆಕ್ಸೈಡ್‌ಗೆ ಆ ಕೆಂಪು ಬಂದಿರುವುದು ಐರನ್ ಆಕ್ಸೈಡ್‌ನಿಂದ, ಅಂದರೆ ತುಕ್ಕಿನ ಹತ್ತಿರದ ನೆಂಟನಿಂದಲೇ. ಗೇಟು, ಗ್ರಿಲ್ಲಿಗೆ ಸಾಕು. ಕಾರಿಗೆ ಬೇಕಾದ್ದು ನೀರನ್ನು ಒಳಬಿಡದ ಎಪಾಕ್ಸಿ ಪ್ರೈಮರ್, ಅದೂ ಪುಟ್ಟಿಗಿಂತ ಮೊದಲು, ಬರಿಯ ತಗಡಿನ ಮೇಲೆ.

ರಸ್ಟ್ ಕನ್ವರ್ಟರ್ ಎಂಬ ಬಾಟಲಿಗಳನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ, ಕೆಲವದರಲ್ಲಿ ಟ್ಯಾನಿನ್, ಎರಡೂ ಇರುವವೂ ಉಂಟು. ಟ್ಯಾನಿನ್ ತುಕ್ಕಿನೊಡನೆ ಸೇರಿ ಕಡುಕಪ್ಪು ಪದರವಾಗುತ್ತದೆ. ಮಲೆನಾಡಿನ ಅಡಿಕೆ ಮನೆಯವರಿಗೆ ಇದೇನೂ ಹೊಸ ವಿದ್ಯೆಯಲ್ಲ. ಚೊಗರು ತಾಗಿದ ಕತ್ತಿ ಕಪ್ಪಾಗುವುದು ಇದೇ ಕಾರಣಕ್ಕೆ. ವೈರ್ ಬ್ರಶ್ಶಿನಲ್ಲಿ ಸಡಿಲ ತುಕ್ಕು ಕೆರೆದ ಮೇಲೆ ಗುಳಿಗಳಲ್ಲಿ ಉಳಿದ ತೆಳು ತುಕ್ಕಿಗೆ ಇದು ಕೆಲಸ ಮಾಡುತ್ತದೆ. ಪದರ ಪದರವಾಗಿ ಏಳುವ ತುಕ್ಕಿನ ಮೇಲೆ ಬಳಿದರೆ ಮೇಲ್ಮೈ ಮಾತ್ರ ಕಪ್ಪಾಗುತ್ತದೆ, ಅಡಿಯಲ್ಲಿ ತಿನ್ನುವುದು ಹಾಗೇ ನಡೆದಿರುತ್ತದೆ.

ತಳಕ್ಕೆ ಹೊಡೆಯುವ ಕರಿ ಅಂಡರ್‌ಬಾಡಿ ಕೋಟಿಂಗ್ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಕಟು. ಹೊಸ ಕಾರಿಗಾದರೆ ಸರಿ. ತುಕ್ಕು ಹಿಡಿದ ತಳವನ್ನು ನೀರು ಹೊಡೆದು ತೊಳೆದು, ಪೂರ್ತಿ ಒಣಗಿಸದೆ ಅದರ ಮೇಲೆ ರಬ್ಬರಿನಂಥ ದಪ್ಪ ಪದರ ಬಳಿಯುವುದೆಂದರೆ ಕಾಯಿಲೆಯನ್ನು ಕಣ್ಣಿಗೆ ಕಾಣದ ಹಾಗೆ ಮಾಡುವುದು. ನೀರು ಹೋಗುವ ತೂತುಗಳೂ ಅದರೊಂದಿಗೆ ಮುಚ್ಚಿಹೋಗುತ್ತವೆ. ಇದಕ್ಕಿಂತ ಹಳೆಯ ಡ್ರೈವರುಗಳ ಕೊಳಕು ಪದ್ಧತಿಯೇ ಮೇಲಿತ್ತು: ಬಳಸಿ ತೆಗೆದ ಕರಿ ಆಯಿಲಿಗೆ ಡೀಸೆಲ್ ಬೆರೆಸಿ ಮಳೆಗಾಲಕ್ಕೆ ಮೊದಲು ತಳಕ್ಕೆ ಸಿಡಿಸುವುದು. ಅಜ್ಜಿಯಂದಿರು ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ ಎತ್ತಿಡುವಂಥದೇ ಉಪಾಯ. ಎಣ್ಣೆ ಸಂದಿಗೊಂದಿಗೆ ಹರಿಯುತ್ತದೆ, ಒಣಗಿ ಬಿರುಕು ಬಿಡುವುದಿಲ್ಲ. ಆದರೆ ಕರಿ ಆಯಿಲ್ ಚರ್ಮಕ್ಕೂ ಮಣ್ಣಿಗೂ ಬಾವಿ ನೀರಿಗೂ ವಿಷ, ರಬ್ಬರ್ ಬುಷ್‌ಗಳನ್ನೂ ಕೆಡಿಸುತ್ತದೆ. ಹಾಗಾಗಿ ಅದನ್ನು ಈಗ ಬೆಂಬಲಿಸಲಾರೆ. ಅದೇ ಉಪಾಯದ ಶುದ್ಧ ರೂಪವಾದ ಮೇಣದ ಸ್ಪ್ರೇಗಳು ಸಿಗುತ್ತವೆ. ಉದ್ದ ನಳಿಗೆಯಿಂದ ಬಾಗಿಲಿನ ಹೊಟ್ಟೆಗೂ ಅದರ ಕೆಳಗಿನ ರನ್ನಿಂಗ್ ಬೋರ್ಡಿನ ಒಳಕ್ಕೂ ಅದನ್ನು ಹೊಡೆಯಬಹುದು. ಹೊರಗೆ ಏನೂ ಕಾಣದ ಕೆಲಸ, ಆದ್ದರಿಂದ ಕೇಳುವವರೂ ಕಡಿಮೆ.

ರನ್ನಿಂಗ್ ಬೋರ್ಡಿನ ವಿಷಯಕ್ಕೆ ಬಂದರೆ ಇದು ಬರೀ ಅಂದಚಂದದ ಮಾತಾಗಿ ಉಳಿಯುವುದಿಲ್ಲ. ಮಾರುತಿ 800ಕ್ಕೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಅದರ ಬೆನ್ನೆಲುಬು. ಜಾಕ್ ಕೊಟ್ಟಾಗ ತಗಡು ಕರಕರ ಎಂದು ಒಳಗೆ ಹೋದರೆ ಅಪಘಾತದ ದಿನ ಆ ಕಾರು ಎಷ್ಟು ತಡೆದೀತು? ಇಲ್ಲಿ ತೂತು ಬಿದ್ದ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸ ತುಂಡು ಬೆಸೆಯುವುದೊಂದೇ ದಾರಿ. ಗ್ಯಾಸ್ ವೆಲ್ಡಿಂಗಿನ ಬೆಂಕಿ ಅಗಲಕ್ಕೆ ಹರಡಿ ತಗಡನ್ನು ಸೊಟ್ಟ ಮಾಡುತ್ತದೆ, ಹಿಂಬದಿಯ ಬಣ್ಣವನ್ನೂ ಸುಡುತ್ತದೆ; ಸಿಒಟು ವೆಲ್ಡಿಂಗಿನಲ್ಲಿ ಆ ಕಾಟ ಕಡಿಮೆ. ಯಾವುದಾದರೂ ಸರಿ, ಬೆಸುಗೆಯ ಹಿಂಬದಿಗೆ ಮೇಣ ತಲುಪದಿದ್ದರೆ ಮುಂದಿನ ತುಕ್ಕು ಶುರುವಾಗುವುದು ಅಲ್ಲಿಂದಲೇ.

ತಪ್ಪೆಲ್ಲ ಮೇಸ್ತ್ರಿಯದೇ ಎಂದರೆ ಅನ್ಯಾಯ. ಕತ್ತರಿಸಿ ಬೆಸೆದು ಒಳಮೈಗೂ ರಕ್ಷಣೆ ಕೊಡುವ ಪೂರ್ತಿ ಕೆಲಸದ ಬಿಲ್ಲು ಹಳೆಯ 800ರ ಮಾರುಕಟ್ಟೆ ಬೆಲೆಯ ಹತ್ತಿರಕ್ಕೇ ಬಂದೀತು. ಎಫ್‌ಸಿ ಆಗುವಷ್ಟು ಮಾಡಿಕೊಡಿ ಮಾರಾಯ್ರೆ ಎಂದು ಚೌಕಾಸಿ ಮಾಡುವವರು ನಾವೇ. ಮಾರಿ ಕೈತೊಳೆದುಕೊಳ್ಳುವವನಿಗೆ ಪುಟ್ಟಿಯ ಲೆಕ್ಕ ಸರಿಹೋಗುತ್ತದೆ, ಕೊಂಡವನು ಸಾಯುತ್ತಾನೆ. ಕೊಳ್ಳುವವರಿಗೆ ಒಂದು ಸಣ್ಣ ಅಯಸ್ಕಾಂತ ಸಾಕು: ಬಟ್ಟೆ ಸುತ್ತಿ ಬಾಗಿಲಿನ ಅಡಿಗೆ ಹಿಡಿದಾಗ ಅದು ಕಚ್ಚದೆ ಜಾರಿದರೆ ಅಲ್ಲಿ ದಪ್ಪ ಪುಟ್ಟಿ ಇದೆ ಎಂದೇ ಲೆಕ್ಕ.

ಕಾರನ್ನು ಇಟ್ಟುಕೊಳ್ಳುವ ಮನಸ್ಸಿದ್ದವರು ಒಟ್ಟು ಮೊತ್ತದಲ್ಲಿ ಬಣ್ಣದ ಪಾಲು ಇಳಿಸಿ ತಗಡಿನ ಪಾಲು ಏರಿಸುವುದು ಒಳ್ಳೆಯದು. ಫುಲ್ ಪೇಂಟಿಂಗ್ ಬೇಡ, ತಿಂದುಹೋದ ಎರಡು ಭಾಗವನ್ನು ಕತ್ತರಿಸಿ ಹಾಕಿ ಅಷ್ಟಕ್ಕೇ ಬಣ್ಣ ಹೊಡೆಯಿರಿ ಎನ್ನಬಹುದು. ಶೇಡ್ ಚೂರು ಬೇರೆಯಾದರೂ ನಷ್ಟವಿಲ್ಲ. ಕೆಲಸ ಫೆಬ್ರವರಿ, ಮಾರ್ಚ್‌ನಲ್ಲಿ ಆಗಲಿ, ಆಟಿಯ ಮಳೆಯಲ್ಲಿ ಬೇಡ. ಪುಟ್ಟಿ ಹಾಕುವ ಮೊದಲು ಬರೀ ತಗಡಿನ ಫೋಟೊ ವಾಟ್ಸಾಪ್‌ಗೆ ಕಳಿಸಿ ಎಂದು ಮೊದಲೇ ಹೇಳಿಬಿಡಿ. ಅದಕ್ಕೆ ಒಪ್ಪಿದ ಶೆಡ್ಡಿನವರು ನಾಲ್ಕು ಕಾಸು ಜಾಸ್ತಿ ಕೇಳಿದರೂ ಕೊಡಬಹುದು.