ಕದ್ದು ತಂದ ಬ್ಲ್ಯಾಕ್ ಬೆಲ್ಟ್

ಚೆಂಬೂರಿನಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡ ಮನೆಗಳ ಮಕ್ಕಳು ಸಂಜೆ ಬಿಳಿ ಉಡುಪು ತೊಟ್ಟು ಕರಾಟೆ ಕ್ಲಾಸಿಗೆ ಹೋಗುತ್ತಾರೆ. ಅವರೊಂದಿಗೆ ಹಿರಿಯರೂ ನೋಡಬೇಕಾದ ಚಿತ್ರ, ಜಾನ್ ಅವಿಲ್ಡ್‌ಸನ್ ನಿರ್ದೇಶಿಸಿದ 1984ರ ‘ದಿ ಕರಾಟೆ ಕಿಡ್’.

ಗುರು ಮಿಯಾಗಿ ಹುಡುಗನಿಂದ ಕಾರು ಉಜ್ಜಿಸುತ್ತಾನೆ, ಬೇಲಿಗೆ ಬಣ್ಣ ಬಳಿಸುತ್ತಾನೆ. ಇದೇನು ಜೀತವೆಂದು ಹುಡುಗ ಸಿಡಿದೇಳುತ್ತಾನೆ. ಅದೇ ಕೈಚಲನೆಯೇ ಏಟು ತಡೆಯುವ ವಿದ್ಯೆಯೆಂದು ಆಗ ತಿಳಿಯುತ್ತದೆ. ನಮ್ಮ ಗರಡಿಮನೆಯ ಸಾಮು ಬಲ್ಲವರಿಗೆ ಇದು ಹೊಸತಲ್ಲ. ಚಿತ್ರದ ಜೀವಾಳವೂ ಇದೇ.

ಆದರೆ ಎರಡು ತಿಂಗಳೂ ತುಂಬದ ತಾಲೀಮಿನಲ್ಲಿ ಹುಡುಗ ಪಂದ್ಯ ಗೆಲ್ಲುವುದನ್ನು ನಾವು ಒಪ್ಪಲಾರೆವು. ಪಂದ್ಯಕ್ಕೆ ಬೇಕಾದ ಬ್ಲ್ಯಾಕ್ ಬೆಲ್ಟನ್ನು ಗುರುವೇ ಕದ್ದು ತರುತ್ತಾನೆ, ನಾವು ನಗುತ್ತೇವೆ. ನಿಜವಾದ ಬೆಲ್ಟಿಗೆ ವರ್ಷಗಳ ಅಭ್ಯಾಸ ಬೇಕು. ಮೂಲ ಹೊಡೆತ-ತಡೆಗಳ ಕಿಹೋನ್, ಕ್ರಮಬದ್ಧ ಚಲನೆಗಳ ಕಾತಾ, ಎದುರಾಳಿಯೊಡನೆ ಕುಮಿತೆ, ಮೂರರಲ್ಲೂ ಪರೀಕ್ಷೆಯುಂಟು. ಗಿಚಿನ್ ಫುನಾಕೋಶಿಯವರು ಕರಾಟೆಯ ಮೊದಲ ಬ್ಲ್ಯಾಕ್ ಬೆಲ್ಟುಗಳನ್ನು ಕೊಟ್ಟದ್ದು 1924ರಲ್ಲಿ. ಆ ದರ್ಜೆಯ ಹೆಸರು ‘ಶೋದಾನ್’. ಎಂದರೆ ಆರಂಭದ ಮೆಟ್ಟಿಲು, ಶಿಖರವಲ್ಲ.

ಫೀಸು ಕಟ್ಟಿ “ಬೆಲ್ಟ್ ಯಾವಾಗ ಕೊಡುತ್ತೀರಿ?” ಎಂದು ಮಾಸ್ತರರನ್ನು ಕೇಳುವ ನಾವು, ಆ ನಗುವಿನಲ್ಲಿ ನಮ್ಮ ಆತುರವನ್ನೂ ಗುರುತಿಸಬೇಕು. ಕೇಳಬೇಕಾದದ್ದು, ಮಗು ಏನು ಕಲಿಯಿತು ಎಂದು.