‘ಕನ್ನಡ ಕಲಿತರು’ ಎಂಬ ಒಂದು ಮಾತು

ಜುಲೈ 1ರ ಪತ್ರಿಕಾ ದಿನ ಬಂದರೆ ನಮ್ಮ ಜಿಲ್ಲೆಯಲ್ಲಿ ಹರ್ಮನ್ ಮೋಗ್ಲಿಂಗರ ನೆನಪಾಗುತ್ತದೆ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತಂದವರು. ಅವರ ಕುರಿತ ಲೇಖನಗಳ ಬಗ್ಗೆ ನನ್ನದೊಂದು ತಕರಾರಿದೆ. 1836ರಲ್ಲಿ ಬಂದರು, ಕನ್ನಡ ಕಲಿತರು, ಪತ್ರಿಕೆ ತೆಗೆದರು. ಮುಗಿಯಿತು! ನಡುವಿನ ಆ ‘ಕಲಿತರು’ ಅಷ್ಟು ಸಲೀಸೇ?

ಇಪ್ಪತ್ತೈದರ ಜರ್ಮನ್ ಹುಡುಗ. ಬಂದದ್ದು ಮತಪ್ರಚಾರಕ್ಕೆ, ಶಾಲೆ ನಡೆಸಲಿಕ್ಕೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಕಲಿಸುವ ಮೊದಲು ಅವರೇ ಕಲಿಯಲು ಕೂರಬೇಕಾಯಿತು. ಪುಸ್ತಕದಲ್ಲಿ ಕನ್ನಡ, ಪೇಟೆಗಿಳಿದರೆ ತುಳು, ಕೊಂಕಣಿ. ಎಷ್ಟು ಸಲ ಬಾಯಿ ತೊದಲಿತೋ, ಯಾರು ನಕ್ಕರೋ! ಅಕ್ಷರ ತಿದ್ದಿಸಿದ ಮುನ್ಶಿಗಳಿಗೆ ಈ ಲೇಖನಗಳಲ್ಲಿ ಹೆಸರೇ ಇಲ್ಲ. ಮಿಷನರಿಗಳು ಬರೆದ ಕಾಗದ, ವರದಿಗಳು ಬಾಸೆಲಿನಲ್ಲಿ ಜೋಪಾನವಾಗಿವೆ. ಜರ್ಮನ್ ಬಲ್ಲವರು ತೆರೆದು ನೋಡಬಹುದು.

ಇದು ಬರೀ ಚರಿತ್ರೆಯ ಜಗಳವಲ್ಲ. ಬೆಳ್ತಂಗಡಿಯಲ್ಲೋ ಮೂಡುಬಿದಿರೆಯಲ್ಲೋ ಮನೆಯಲ್ಲಿ ತುಳುವೋ ಬ್ಯಾರಿಯೋ ಆಡುವ ಮಗು ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಹೊಸದಾಗಿ ಎದುರಿಸುತ್ತದೆ. ತಡವರಿಸಿದರೆ ‘ದಡ್ಡ’ ಎನ್ನುತ್ತೇವೆ, ಟ್ಯೂಶನ್ನಿಗೆ ಅಟ್ಟುತ್ತೇವೆ. ನೀವೂ ಕೇಳಿರುತ್ತೀರಿ. ಮೋಗ್ಲಿಂಗರಿಗೆ ಪತ್ರಿಕೆಯ ತನಕ ಆರೇಳು ವರ್ಷ ಸಿಕ್ಕಿತು. ಮಗುವಿಗೆ ಜೂನ್‌ನಿಂದ ಅರ್ಧವಾರ್ಷಿಕ ಪರೀಕ್ಷೆಯವರೆಗೆ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಕನ್ನಡದ ಮಕ್ಕಳು ಬಾಯಿಪಾಠ ಮಾಡಿದ್ದು ಅವರ ಹಾಡುಗಳನ್ನು.

ಮುಂದಿನ ಸಲ ಯಾರಾದರೂ ಮೋಗ್ಲಿಂಗರ ಬಗ್ಗೆ ಬರೆದರೆ ಆ ಮೊದಲ ವಾರಗಳಿಗೆ, ಆ ಮುನ್ಶಿಗಳಿಗೆ ಒಂದು ಪುಟವಾದರೂ ಇಡಲಿ.