ಎಣಿಕೆಗೆ ಸಿಗದ ಮಾತು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂಜೆ, ಮುಸ್ಲಿಮರ ಹತ್ತಿರ ತರಕಾರಿ ಕೊಳ್ಳಬೇಡಿ ಎಂಬ ಸಂದೇಶ ಬಂತು. ‘ಇಪ್ಪತ್ತು ವರ್ಷದಿಂದ ನನಗೆ ಸೊಪ್ಪು ಕೊಡುವ ಅಜ್ಜ ಮುಸ್ಲಿಮರೇ. ಕಟ್ಟು ಎಂದೂ ಸಣ್ಣದಾಗಿಲ್ಲ’ ಎಂದು ಬರೆದೆ. ತಟ್ಟನೆ ಉತ್ತರ ಬಂತು: ‘ಟೀಚರಿಗೆ ಸೊಪ್ಪು ಪುಕ್ಕಟೆಯೋ, ಬದಲಿಗೆ ಏನಾದರೂ ಕೊಡ್ತಾರೋ?’ ಕೆಳಗೆ ನಗುವ ಮುಖಗಳ ಸಾಲು. ಬರೆದವನಿಗೆ ಕಾಗುಣಿತ ತಿದ್ದಿಸಿದವಳು ನಾನೇ. ಈಗ ಇಬ್ಬರು ಮಕ್ಕಳ ತಂದೆ.

ಆ ವಾರವೇ ಮಗಳು ನನಗೊಂದು ವರದಿ ಓದಲು ಕೊಟ್ಟಳು. ಆಮ್ನೆಸ್ಟಿ ಇಂಡಿಯಾ 2020ರ ಜನವರಿಯಲ್ಲಿ ಹೊರತಂದ ‘ಟ್ರೋಲ್ ಪಟ್ರೋಲ್ ಇಂಡಿಯಾ’. 2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ 95 ರಾಜಕಾರಣಿ ಮಹಿಳೆಯರ ಹೆಸರೆತ್ತಿದ 1,14,716 ಟ್ವೀಟುಗಳನ್ನು ಸ್ವಯಂಸೇವಕರು ಓದಿ ವಿಂಗಡಿಸಿದ್ದಾರೆ. ಸುಮಾರು ಏಳಕ್ಕೊಂದು ಹೊಲಸು. ಮುಸ್ಲಿಂ ಮಹಿಳೆಯರಿಗೆ ಧರ್ಮ, ಜನಾಂಗದ ಹೆಸರಿನ ಬೈಗುಳ ಉಳಿದವರಿಗಿಂತ ಶೇಕಡಾ 94ರಷ್ಟು ಹೆಚ್ಚು.

ಮೊದಲ ಓದಿಗೆ ನನಗೊಂದು ತಕರಾರಿತ್ತು. ನೇರ ನಿಂದನೆಯನ್ನೂ, ‘ಸಮಸ್ಯೆ ಇರುವ’ ಮಾತನ್ನೂ ಕೂಡಿಸಿಯೇ ಆ ಏಳಕ್ಕೊಂದು ಲೆಕ್ಕ ಬಂದಿದೆ. ಗಣಿತದ ಅಂಕವನ್ನೂ ಚಿತ್ರಕಲೆಯ ಅಂಕವನ್ನೂ ಕೂಡಿಸಿ ಮಗು ಜಾಣ ಎಂದಂತೆ ಅನ್ನಿಸಿತು. ಆಮೇಲೆ ನನಗೆ ಬಂದ ಆ ಸಾಲನ್ನೇ ಮತ್ತೆ ನೋಡಿದೆ. ಅದರಲ್ಲಿ ಬೈಗುಳದ ಒಂದು ಪದವೂ ಇಲ್ಲ. ದೂರು ಕೊಟ್ಟರೆ ‘ತಮಾಷೆ ಮಾಡಿದೆ ಟೀಚರ್’ ಎನ್ನಬಹುದು. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದೇ ಸರಿ. ನನ್ನ ತಕರಾರು ವಾಪಸು.

ಆದರೆ ಇನ್ನೊಂದು ಕೊರತೆ ಹಾಗೇ ಉಳಿಯುತ್ತದೆ. ವರದಿ ಎಣಿಸಿದ್ದು ಹೆಸರುವಾಸಿ ಮಹಿಳೆಯರ ಕುರಿತ ಬಹಿರಂಗ ಮಾತನ್ನು. ಬರೆದವರು ಬಹುಪಾಲು ಅಪರಿಚಿತರು. ನಮ್ಮಂಥ ಊರುಗಳಲ್ಲಿ ಬರೆಯುವವನು ಮದುವೆ ಮನೆಯಲ್ಲಿ ಎದುರಾಗುತ್ತಾನೆ, ‘ಊಟ ಆಯ್ತಾ ಟೀಚರ್’ ಎಂದು ಕೇಳುತ್ತಾನೆ. ಅವನಿಗೆ ಏನು ಉತ್ತರ ಕೊಡುವುದು? ಗುಂಪಿನ ಮಹಿಳೆಯರಲ್ಲಿ ಇಬ್ಬರು ರಾತ್ರಿ ನನಗೆ ಫೋನ್ ಮಾಡಿ, ಗಂಡನಿಗೆ ಕೇಳಿಸದಂತೆ ಮೆಲ್ಲಗೆ, ‘ನೀವು ಹೇಳಿದ್ದು ಸರಿ’ ಎಂದರು. ಗುಂಪಿನಲ್ಲಿ ಒಬ್ಬರೂ ಬರೆಯಲಿಲ್ಲ. ಬರೆಯದೆ ಬಿಟ್ಟದ್ದನ್ನು ಯಾವ ಸ್ವಯಂಸೇವಕರು ಓದಿ ವಿಂಗಡಿಸಿಯಾರು?

ನಾನೂ ಅಂದಿನಿಂದ ಅಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟು ಬೇರೇನೂ ಬರೆದಿಲ್ಲ. ಸೊಪ್ಪು ಮಾತ್ರ ಅಜ್ಜನ ಹತ್ತಿರವೇ. ಗುಂಪಿನ ವಿಷಯ ಅವರಿಗೆ ಹೇಳಿಲ್ಲ.